ನಿನ್ನೆ ಸಂಜೆ ಸುಟ್ಟುಹೋಗಿದ್ದು ನನ್ನ ಆಡಿನ ಮರಿಗಳ ಹಾಸಿಗೆ

ಇನ್ನೂ ಮೂಗಿನಿಂದ ಹೊಗೆ ವಾಸನೆ ಹೋಗಿಲ್ಲ. ಸಿಟ್ಟೂ ಇಳಿದಿಲ್ಲ.

ಪಕ್ಕದ ಹೊಲದ ಕಾಕಾ ಅವರ ಎರಡು ಎಕರೆ ಕಬ್ಬು ಮೊನ್ನೆ ಫ್ಯಾಕ್ಟರಿಗೆ ಹೋಯಿತು. ಕಡಿಯುವ ಗ್ಯಾಂಗ್ ಇನ್ನೂ ಹೊಲದಲ್ಲಿದ್ದಾಗಲೇ ಕಾಕಾ ಅವರಿಗೆ ಹೇಳಿಟ್ಟಿದ್ದೆ, "ಕಾಕಾ, ರವದಿ ಸುಡಬ್ಯಾಡ್ರಿ, ನಾ ಒಯ್ತೀನಿ" ಅಂತ. ರವದಿ ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ. "ಆತು ಬಿಡ ಯವ್ವಾ" ಅಂದಿದ್ದರು. ಇವತ್ತು ಬೆಳಗ್ಗೆ ಟ್ರ್ಯಾಕ್ಟರ್ ಬರಬೇಕಿತ್ತು, ಬಾಡಿಗೆ ಕೂಡ ಮಾತಾಡಿ ಆಗಿತ್ತು. ನಿನ್ನೆ ಕತ್ತಲಾಗುವ ಹೊತ್ತಿಗೆ ಕೋಳಿ ಗೂಡಿಗೆ ತಟ್ಟು ಕಟ್ಟುತ್ತಾ ನಿಂತಿದ್ದೆ. ಬೆನ್ನ ಹಿಂದೆ ಚಟಚಟ ಸದ್ದು. ತಿರುಗಿದರೆ ಇಡೀ ಹೊಲ ಉರಿಯುತ್ತಿದೆ.

ಓಡಿದೆ. ಆದರೆ ಒಣ ರವದಿಗೆ ಬೆಂಕಿ ಬಿದ್ದ ಮೇಲೆ ಓಡಿ ಏನು ಮಾಡುವುದು? ಬದುವಿನ ಮೇಲೆ ನಿಂತು ನೋಡಿದೆ ಅಷ್ಟೇ. ಅರ್ಧ ತಾಸಿನಲ್ಲಿ ಎಲ್ಲ ಕಪ್ಪಗಾಯಿತು.

ನಮ್ಮದು ಎಷ್ಟು ಸಣ್ಣ ಹೊಲ ಅಂತ ನಿಮಗೆಲ್ಲ ಗೊತ್ತೇ ಇದೆ. ಮುಧೋಳದ ಹತ್ತಿರ ಮೂವತ್ತು ಗುಂಟೆ, ಎರಡು ಜವಾರಿ ಆಕಳು, ಆರು ಆಡು, ಒಂದಿಷ್ಟು ಕೋಳಿ, ಒಂದು ನಾಯಿ. ದೀಪಾವಳಿ ಮುಗಿದ ಕೂಡಲೇ ನನಗೆ ಥಂಡಿಯದ್ದೇ ಚಿಂತೆ. ಮಧ್ಯಾಹ್ನ 30 ಡಿಗ್ರಿ ಬಿಸಿಲು, ಬೆಳಗಿನ ಜಾವ 12-13 ಡಿಗ್ರಿ. ಒಂದೇ ದಿನದಲ್ಲಿ ಇಷ್ಟು ಏರಿಳಿತ ಆದರೆ ಮರಿಗಳಿಗೆ ತಡೆಯುವುದಿಲ್ಲ. ಮೊದಲು ಮೂಗು ಸೋರುತ್ತದೆ, ಆಮೇಲೆ ಉಬ್ಬಸ, ನ್ಯುಮೋನಿಯಾ. ಹೋದ ವರ್ಷ ಎರಡು ಮರಿ ಹೀಗೇ ಹೋದವು.

ಅದಕ್ಕೇ ಈ ಸಲ ಎಲ್ಲ ಬೇಗ ಶುರು ಮಾಡಿದ್ದೆ. ಮೂಡಗಾಳಿ ಬರುವ ಕಡೆ ಕೊಟ್ಟಿಗೆಗೆ ತಾಡಪತ್ರಿ ಕಟ್ಟಿದೆ. ಮೇಲೆ ಒಂದು ಗೇಣು ಬಿಟ್ಟೆ, ಪೂರ್ತಿ ಮುಚ್ಚಿದರೆ ಗಂಜಲದ ಘಾಟು ಒಳಗೇ ನಿಂತು ಅದೇ ದೊಡ್ಡ ರೋಗ ಆಗುತ್ತದೆ. ಕೋಳಿ ಮರಿಗಳಿಗೆ ಬಲ್ಬು ಹಾಕಿದೆ. ಮೊದಲ ವಾರ ಅವಕ್ಕೆ 32ರಿಂದ 35 ಡಿಗ್ರಿ ಶಾಖ ಬೇಕು, ಎಲ್ಲ ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಥಂಡಿ ಅಂತ ಅರ್ಥ. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬೂ ಇಲ್ಲ, ಕೂದಲೂ ಇಲ್ಲ. ಅತ್ತೆ ತಮ್ಮ ಹಳೇ ಕೌದಿ ಕತ್ತರಿಸಿ ಅದಕ್ಕೊಂದು ಅಂಗಿ ಹೊಲಿದುಕೊಟ್ಟರು. ಬೆನ್ನ ಮೇಲೆ ಅವರ ಮದುವೆ ಇಳಕಲ್ ಸೀರೆಯ ತುಂಡಿದೆ.

ಉಳಿದಿದ್ದು ಒಂದೇ, ನೆಲ. ಆಡಿಗೆ ಕೆಳಗಿನಿಂದ ಬರುವ ಥಂಡಿಯೇ ಜಾಸ್ತಿ ಕೆಟ್ಟದ್ದು. ಅರ್ಧ ಅಡಿ ಒಣ ರವದಿ ಹಾಸಿ, ಒದ್ದೆಯಾದಂತೆಲ್ಲ ಮೇಲೆ ಹೊಸದು ಹಾಕುತ್ತಾ ಹೋದರೆ ಕೆಳಗಿನ ಪದರ ಕೊಳೆಯುತ್ತಾ ತಾನೇ ಬೆಚ್ಚಗಾಗುತ್ತದೆ. ಕೈ ಒಳಗೆ ತೂರಿಸಿ ನೋಡಿ, ಒಲೆ ಪಕ್ಕದ ಬೂದಿಯ ಹಾಗೆ ಹಿತವಾಗಿರುತ್ತದೆ. ಬೇಸಿಗೆಗೆ ಅದೇ ಗೊಬ್ಬರ.

ಅದನ್ನು ಸುಟ್ಟರು.

ಒಂದು ಎಕರೆ ಕಬ್ಬಿನಿಂದ ಕಡಿಮೆ ಅಂದರೂ ಮೂರು ಟನ್ ರವದಿ ಬೀಳುತ್ತದೆ. ಅದರಲ್ಲಿ ಸಾರಜನಕ ಸುಮಾರು ಶೇ. 0.4. ಎರಡು ಎಕರೆಗೆ ಲೆಕ್ಕ ಹಾಕಿದರೆ 24 ಕೆಜಿ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಇರುವುದೇ 20 ಕೆಜಿ ಚಿಲ್ಲರೆ. ಒಂದು ಚೀಲಕ್ಕಿಂತ ಜಾಸ್ತಿಯನ್ನು ಕಡ್ಡಿ ಗೀರಿ ಗಾಳಿಗೆ ಬಿಟ್ಟು, ನಾಳೆ ಅದೇ ಯೂರಿಯಾಕ್ಕೆ ಸಾಲಿನಲ್ಲಿ ನಿಲ್ಲುತ್ತೀರಲ್ಲ! "ಬೂದಿ ಗೊಬ್ಬರ ಅಲ್ವಾ" ಅನ್ನುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ನಿಜ. ಸಾರಜನಕ ಹೊಗೆಯಲ್ಲೇ ಹೋಯಿತು. ಮಣ್ಣಿಗೆ ಸೇರಬೇಕಿದ್ದ ಕಸವೂ ಹೋಯಿತು.

ಬೆಳಗ್ಗೆ ಕಾಕಾ ಅವರನ್ನು ಕೇಳಿದೆ. "ಏನ್ ಮಾಡ್ಲಿ ಯವ್ವಾ, ಆಳು ಸಿಗಾಂಗಿಲ್ಲ. ಮತ್ತ ಚಿಗಿಯೋ ಕುಳೆಗೆ ನೀರ ಬಿಡಬೇಕು. ರವದ್ಯಾಗ ಇಲಿ, ಹಾವು ಕೂಡ್ತಾವ." ಆಳಿನ ಕಷ್ಟ ನನಗೂ ಗೊತ್ತು. ಆದರೆ ಈ ಹೊಲಕ್ಕೆ ಆಳೇ ಬೇಕಿರಲಿಲ್ಲ. ಒಯ್ಯುವವಳು ನಾನು, ಟ್ರ್ಯಾಕ್ಟರ್ ನನ್ನದೇ ಖರ್ಚು. ನೀರಿನ ಮಾತೂ ಅಷ್ಟೇ. ಸಾಲು ಬಿಟ್ಟು ಸಾಲಿಗೆ ರವದಿ ಎಳೆದರೆ ಖಾಲಿ ಸಾಲಿನಲ್ಲಿ ನೀರು ಹರಿಯುತ್ತದೆ, ಮುಚ್ಚಿದ ಸಾಲಿನಲ್ಲಿ ಹಸಿ ನಿಲ್ಲುತ್ತದೆ, ಕಳೆಯೂ ಏಳುವುದಿಲ್ಲ. ಟ್ರ್ಯಾಕ್ಟರ್ ಹಿಂದೆ ಕಟ್ಟಿ ರವದಿ ಪುಡಿ ಮಾಡುವ ಯಂತ್ರವೂ ಬಾಡಿಗೆಗೆ ಸಿಗುತ್ತದೆ. ಒಂದು ದಿನ ತಡೆಯಲು ಆಗಲಿಲ್ಲವಲ್ಲ, ಅದೇ ನನಗೆ ನುಂಗಲು ಆಗುತ್ತಿಲ್ಲ.

ಇನ್ನೊಂದು ಮಾತು. ಚಳಿಗಾಲದಲ್ಲಿ ಹೊಗೆ ಮೇಲೆ ಹೋಗುವುದಿಲ್ಲ. ಸಂಜೆ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿ ಕೆಳಗೇ ಕೂರುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಅದಕ್ಕೆ ಮುಚ್ಚಳ ಹಾಕಿದ ಹಾಗೆ. ರಾತ್ರಿಯಿಡೀ ಆ ಹೊಗೆ ನಮ್ಮ ಮನೆ ಸುತ್ತ ಸೊಂಟದ ಎತ್ತರಕ್ಕೆ ನಿಂತಿತ್ತು. ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದೆ. ಆದರೂ ಅತ್ತೆ ಎರಡು ಗಂಟೆ ತನಕ ಕೆಮ್ಮುತ್ತಾ ಗೋಡೆಗೆ ಒರಗಿ ಕೂತಿದ್ದರು.

ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಸುಟ್ಟಿದ್ದೆ. ಎಲ್ಲರೂ ಸುಡುತ್ತಾರೆ ಅಂತ ನಾನೂ ಕಡ್ಡಿ ಗೀರಿದೆ. ಗಾಳಿ ತಿರುಗಿತು. ಬದುವಿನಲ್ಲಿ ಮಾವ ಹಚ್ಚಿದ ಬೇವಿನ ಮರದ ಅರ್ಧ ಮೈ ಸುಟ್ಟಿತು. ಮಾವ ಬೈಯಲಿಲ್ಲ. ಮರುದಿನ ಒಂದು ಕೊಡ ನೀರು ತಂದು ಬುಡಕ್ಕೆ ಹಾಕಿ ಸುಮ್ನೆ ಒಳಗೆ ಹೋದರು. ಈಗ ಅವರಿಲ್ಲ. ಮರ ಇದೆ, ಒಂದೇ ಕಡೆ ಚಿಗುರುತ್ತದೆ. ಆ ಮರ ನೋಡಿದವಳಿಗೆ ಇನ್ನೊಂದು ಹೊಲ ಉರಿಯುವುದನ್ನು ನೋಡಿ ಸುಮ್ಮನಿರಲು ಹೇಗೆ ಆಗುತ್ತದೆ?

ಸದ್ಯಕ್ಕೆ ಮರಿಗಳ ಕೆಳಗೆ ಜೋಳದ ಕಣಿಕಿ (ಒಣ ದಂಟು) ಕತ್ತರಿಸಿ ಹಾಸಿದ್ದೇನೆ. ಅದು ಆಕಳ ಮೇವು, ಬೇಸಿಗೆಗೆ ಅಂತ ಬಣವಿ ಒಟ್ಟಿದ್ದು. ನಾಲ್ಕೈದು ದಿನಕ್ಕಿಂತ ಜಾಸ್ತಿ ಕೊಡಲು ಆಗುವುದಿಲ್ಲ.

ಮುಧೋಳ, ಜಮಖಂಡಿ ಕಡೆ ಯಾರದಾದರೂ ಕಬ್ಬು ಈ ವಾರ ಹೋಗುವುದಿದ್ದರೆ ದಯವಿಟ್ಟು ಒಂದು ಮೆಸೇಜ್ ಹಾಕಿ. ಟ್ರ್ಯಾಕ್ಟರ್ ನಾನೇ ತರುತ್ತೇನೆ, ಗುಡಿಸಿ ತುಂಬುವುದೂ ನಾನೇ. ಕಡ್ಡಿ ಗೀರುವ ಮುಂಚೆ ಒಂದು ಫೋನ್ ಮಾಡಿ, ರಾತ್ರಿ ಹತ್ತಾದರೂ ಬರುತ್ತೇನೆ.