ಟೂತ್‌ಪೇಸ್ಟ್‌ನ ಸಿಲಿಕಾ: ಒಂದು ಸ್ಪಷ್ಟನೆ

‘ಟೂತ್‌ಪೇಸ್ಟ್‌ನಲ್ಲಿ ಮರಳಿನ ಪುಡಿ, ಅದರಿಂದ ಕ್ಯಾನ್ಸರ್’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಸುತ್ತುತ್ತಿದೆ. ಮರಳಿನ ಮುಖ್ಯ ಅಂಶವಾದ ಸಿಲಿಕಾದ ಎರಡು ಬೇರೆ ರೂಪಗಳನ್ನು ಇದರಲ್ಲಿ ಕಲಸಿಬಿಟ್ಟಿದ್ದಾರೆ.

ಶ್ವಾಸಕೋಶಕ್ಕೆ ಕುತ್ತು ತರುವುದು ಸ್ಫಟಿಕ ರೂಪದ ಸಿಲಿಕಾ, ಅಂದರೆ ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ಏಳುವ ನುಣುಪು ದೂಳು. ಅದೂ ವರ್ಷಗಟ್ಟಲೆ ಉಸಿರಿನಲ್ಲಿ ಒಳಹೋದಾಗ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದದ್ದು ಈ ದೂಳನ್ನು. ಸ್ಫಟಿಕವಲ್ಲದ ಸಿಲಿಕಾವನ್ನು ಆ ಪಟ್ಟಿಗೆ ಸೇರಿಸಲಿಲ್ಲ.

ಪೇಸ್ಟ್‌ಗೆ ಹಾಕುವುದು ಈ ಎರಡನೆಯದು. ಮೂಲ ಮರಳೇ, ನಿಜ. ಆದರೆ ಅದನ್ನು ಸೋಡಾ ಬೂದಿಯೊಂದಿಗೆ (ಸೋಡಿಯಂ ಕಾರ್ಬೊನೇಟ್) ಸಾವಿರ ಡಿಗ್ರಿಗೂ ಮೀರಿ ಕಾಯಿಸಿ ಕರಗಿಸುತ್ತಾರೆ. ಬಂದ ಸೋಡಿಯಂ ಸಿಲಿಕೇಟನ್ನು ನೀರಿನಲ್ಲಿ ಕರಗಿಸಿ, ಸಲ್ಫ್ಯೂರಿಕ್ ಆಮ್ಲ ಬೆರೆಸಿದರೆ ಬಿಳಿ ಗಸಿ ಕೂರುತ್ತದೆ. ಅದನ್ನು ತೊಳೆದು ಒಣಗಿಸಿದರೆ ಪೇಸ್ಟ್‌ನ ಸಿಲಿಕಾ ಸಿದ್ಧ. ಕಣದ ಗಾತ್ರ, ಗಡಸುತನ ಹದಕ್ಕೆ ತರುವುದೇ ಕಾರ್ಖಾನೆಯ ರಸಾಯನಶಾಸ್ತ್ರಜ್ಞರ ನಿಜವಾದ ಕೆಲಸ: ಕೊಳೆ ಹೋಗಬೇಕು, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಸವೆಯಬಾರದು.

ಚಪ್ಪಲಿ ಡಬ್ಬದಲ್ಲಿ ತೇವ ಹೀರಲು ಇಡುವ ಸಿಲಿಕಾ ಜೆಲ್ ಪೊಟ್ಟಣವೂ ವಿಷವಲ್ಲ; ಮಕ್ಕಳ ಗಂಟಲಿಗೆ ಸಿಕ್ಕೀತೆಂಬ ಭಯವೇ ದೊಡ್ಡದು. ನೀಲಿ ಹರಳು ಕಂಡರೆ ಮಾತ್ರ ದೂರವಿಡಿ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕ ಇರಬಹುದು.