ಚೆನ್ನೈ ಮನೆಯ ಉದ್ಘಾಟನೆ

ಈ ಸಲದ ಆಟಿ ತಿಂಗಳಲ್ಲಿ ನಮ್ಮೂರ ಕ್ಲಬ್ಬಿನವರು ಚೆನ್ನೆಮಣೆ ಎಂಬ ತುಳುನಾಡಿನ ಹಳೆಯ ಗುಳಿಮಣೆ ಆಟವನ್ನು ಉಳಿಸಿದರು. ಬೆಳಗ್ಗೆ ಹತ್ತಕ್ಕೆ ಉಳಿಸುವುದೆಂದು ಇತ್ತು. ಮುಖ್ಯ ಅತಿಥಿ ಬರುವುದು ತಡವಾದ್ದರಿಂದ ಹನ್ನೊಂದೂವರೆಗೆ ಉಳಿಸಿದರು.

ಘೋಷಣೆ ಚೆನ್ನಾಗಿತ್ತು: 'ಮೊಬೈಲ್ ಬಿಡಿ, ಮಣೆ ಹಿಡಿಯಿರಿ.' ಅದು ಬಂದದ್ದು ವಾಟ್ಸಾಪಿನಲ್ಲಿ. ಹೆಸರು ಕೊಡಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿತ್ತು. ಮೊಬೈಲ್ ಬಿಟ್ಟವರಿಗೆ ಪ್ರವೇಶವೇ ಇರಲಿಲ್ಲ ಅನ್ನಿ.

ಫ್ಲೆಕ್ಸ್ ಮಾತ್ರ ಕೈಕೊಟ್ಟಿತು. ಪ್ರಿಂಟ್ ಮಾಡಿದವರಿಗೆ ಕನ್ನಡ ಬಾರದು. ಕಾಸರಗೋಡಿನಲ್ಲಿ ಇದೇನು ಹೊಸತಲ್ಲ. ಮಲಯಾಳ ಸರಿಯಾಗಿತ್ತು, ಇಂಗ್ಲಿಷ್ ಸರಿಯಾಗಿತ್ತು, ಕನ್ನಡದಲ್ಲಿ ದಪ್ಪಕ್ಷರದಲ್ಲಿ 'ಚೆನ್ನೈ ಮನೆ ಉದ್ಘಾಟನೆ' ಎಂದಿತ್ತು. ಕೆಳಗೆ ಫೋನ್ ನಂಬರ್ ಬೇರೆ ಕೊಟ್ಟಿದ್ದರಲ್ಲ, ಇಬ್ಬರು ಕರೆ ಮಾಡಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ಕೇಳಿದರಂತೆ. ಗಡಿನಾಡಿನಲ್ಲಿ ಬೋರ್ಡಿನ ಮೇಲಿನ ಕನ್ನಡ ಬಿಡಿಸುವುದೇ ಒಂದು ಬೋರ್ಡ್ ಗೇಮ್.

ಮಣೆ ಹೋದದ್ದು ನಮ್ಮ ಮನೆಯಿಂದ. ಅಟ್ಟದಲ್ಲಿದ್ದದ್ದನ್ನು ಇಳಿಸಿ, ಧೂಳು ಒರೆಸಿ, ಅಜ್ಜಿ ಕಾಯಿ ಎಣಿಸಿಯೇ ಕೊಟ್ಟರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ, ಅಂದರೆ ಕೆಂಪು ಬೀಜ. ಒಟ್ಟು 56. ಒಂದು ಗುಳಿಯಿಂದ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗಬೇಕು. ನೋಡಲು ಸುಲಭ. ಅಜ್ಜಿಯ ಎದುರು ಕೂತರೆ ಗೊತ್ತಾಗುತ್ತದೆ. ಎಲ್ಲಿಂದ ಬಾಚಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬ ಲೆಕ್ಕ ಅವರ ಬೆರಳಲ್ಲೇ ಇರುತ್ತದೆ. ನಾನು ಇವತ್ತಿನವರೆಗೆ ಗೆದ್ದಿಲ್ಲ.

ಅತಿಥಿಗಳು ದೀಪ ಹಚ್ಚಿದರು. ಆಮೇಲೆ ಒಂದು ಮಂಜೊಟ್ಟಿ ಎತ್ತಿಕೊಂಡು, "ಇದನ್ನು ಎಲ್ಲಿ ಹಾಕಬೇಕು?" ಎಂದು ಕೇಳಿದರು.

"ಎಲ್ಲಾದರೂ ಹಾಕಿ ಸಾರ್, ಫೋಟೊಗೆ ತಾನೇ" ಎಂದರು ಕಾರ್ಯದರ್ಶಿ.

ಆಮೇಲೆ ಭಾಷಣ. ಮೊಬೈಲಿನಿಂದ ಯುವಜನಾಂಗ ಹಾಳಾಗುತ್ತಿದೆ ಎಂದು ಮುಕ್ಕಾಲು ಗಂಟೆ ಹೇಳಿದರು. ಮೊಬೈಲ್ ನೋಡಿಕೊಂಡೇ ಓದಿದರು. ನಡುವೆ ಯಾರದೋ ಕಾಲ್ ಬಂದು ಭಾಷಣವೇ ಮಾಯವಾಯಿತು. ಹಿಂದಿನ ಬೆಂಚಿನಲ್ಲಿ ಮೊಬೈಲ್ ಆಟದಲ್ಲಿ ಗುಂಡು ಹಾರಿಸುತ್ತಿದ್ದ ಹುಡುಗನೊಬ್ಬ ಬಂದು ಹುಡುಕಿಕೊಟ್ಟ.

ಮೊಬೈಲ್ ಆಟದಲ್ಲಿ ಹಿಂಸೆ ಜಾಸ್ತಿ, ನಮ್ಮ ಹಿರಿಯರ ಆಟ ಶಾಂತಿ ಕಲಿಸುತ್ತಿತ್ತು ಎಂದೂ ಅಂದರು. ಸುಮ್ನೆ ಕೇಳಿದೆ. ತುಳು ಜನಪದ ಹಾಡು ಪಾಡ್ದನದ ಅಬ್ಬಗ-ದಾರಗ ಅಕ್ಕತಂಗಿಯರು ಜಗಳವಾಡಿ ಪ್ರಾಣ ಕಳೆದುಕೊಂಡದ್ದು ಇದೇ ಚೆನ್ನೆ ಆಡುವಾಗ ಅಲ್ವಾ? ಅಕ್ಕತಂಗಿ ಎದುರುಬದುರು ಕೂತು ಆಡಲು ನಮ್ಮಜ್ಜಿ ಈಗಲೂ ಬಿಡುವುದಿಲ್ಲ. ಪೇರೆಂಟಲ್ ಕಂಟ್ರೋಲ್ ತುಳುನಾಡಿನಲ್ಲಿ ಯಾವತ್ತಿನಿಂದಲೋ ಇದೆ.

ನಾನೇನು ಮೊಬೈಲಿನ ಶತ್ರುವಲ್ಲ. ನಮ್ಮ ಪಗಡೆಯ ಮಾದರಿಯನ್ನೇ ಸಣ್ಣದು ಮಾಡಿ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಲೂಡೊ ಎಂದು ಪೇಟೆಂಟ್ ಮಾಡಿಸಿದರು. ಅದೇ 2016ರಲ್ಲಿ ಲೂಡೊ ಕಿಂಗ್ ಆಗಿ ನಮ್ಮ ಮೊಬೈಲಿಗೇ ವಾಪಸ್ ಬಂತು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಆಗ ಮಂಗಳೂರಿನ ಭಾವನೂ ನಾವೂ ಸೇರುತ್ತಿದ್ದದ್ದು ಅದರಲ್ಲೇ. ಭಾವನ ಕಾಯಿ ಸಲೀಸಾಗಿ ನಮ್ಮ ಮನೆ ಹೊಗುತ್ತಿತ್ತು. ಭಾವ ಗಡಿಯ ತಲಪಾಡಿ ದಾಟುವಂತಿರಲಿಲ್ಲ. ಮಣೆಯೋ ಮೊಬೈಲೋ, ಎದುರಿಗೆ ಒಬ್ಬರು ಆಡಲು ಸಿಕ್ಕಿದರಾಯಿತು. ಕ್ಲಬ್ಬಿನ ಕಾರ್ಯಕ್ರಮದಲ್ಲಿ ಅದೊಂದೇ ಇರಲಿಲ್ಲ.

ಯಾಕೆಂದರೆ ಆಡಲು ಗೊತ್ತಿದ್ದ ಒಬ್ಬರೇ ಒಬ್ಬರನ್ನು ವೇದಿಕೆ ಹತ್ತಿಸಿ ಕೂರಿಸಿದ್ದರು. ಅಜ್ಜಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸ್ಮರಣಿಕೆ ಕೊಟ್ಟರು. ಎರಡು ಗಂಟೆ ಹೊತ್ತು ಆ ಬುಟ್ಟಿ ಅವರ ಮಡಿಲಲ್ಲೇ ಇತ್ತು. ನಾನು ನೀರು ಕೊಡಲು ಹೋದಾಗ ಮೆಲ್ಲಗೆ ಕೇಳಿದರು, "ಆಡುವುದು ಯಾವಾಗ ಮಗಾ?"

ಕಾರ್ಯದರ್ಶಿಯನ್ನು ಕೇಳಿದೆ. ಅವರು ಆಮಂತ್ರಣ ತಿರುಗಿಸಿ ನೋಡಿದರು. ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಸನ್ಮಾನ, ವಂದನಾರ್ಪಣೆ, ಪತ್ರೊಡೆ ಸಹಿತ ಊಟ. ಊಟದ ನಂತರ ಹಳೆಯ ಆಟಗಳ ಬಗ್ಗೆ ಕ್ವಿಜ್, ಮೊಬೈಲಿನಲ್ಲಿ. "ಆಡುವುದಕ್ಕೆ ಟೈಮ್ ಇಟ್ಟಿಲ್ಲ ಮಾರಾಯ" ಎಂದರು. ಅಷ್ಟರಲ್ಲಿ ಒಂದು ಪುಟ್ಟ ಹುಡುಗಿ ಮಣೆಗೆ ಕೈ ಹಾಕಲು ಹೋದಳು. ಮೂರು ಭಾಷೆಯಲ್ಲಿ 'ಮುಟ್ಟಬೇಡಿ' ಎಂದು ಬರೆದ ಚೀಟಿಯನ್ನು ಅವಳಿಗೆ ತೋರಿಸಿದರು. ಅದರಲ್ಲಿ ಕನ್ನಡ ಸರಿಯಾಗಿತ್ತು.

ಮರುದಿನ ಮಣೆ ವಾಪಸ್ ಬಂತು. ಅಜ್ಜಿ ಚಾವಡಿಯಲ್ಲಿ ಕೂತು ಎಣಿಸಿದರು. 55. ಇನ್ನೊಮ್ಮೆ ಎಣಿಸಿದರು. 55. ಫೋಟೊ ತೆಗೆದು ನೋಡಿದರೆ ಅತಿಥಿಗಳ ಎರಡು ಬೆರಳ ನಡುವೆ ಮಂಜೊಟ್ಟಿ ಕೆಂಪಗೆ ಕಾಣುತ್ತದೆ. ಆಮೇಲಿನ ಫೋಟೊದಲ್ಲಿ ಅವರ ಕೈ ಜೇಬಿನಲ್ಲಿದೆ.

ಒಂದು ಕಾಯಿ ಕಡಿಮೆಯಾದರೆ ಆಟ ನಡೆಯುವುದಿಲ್ಲ ಎಂದು ಗ್ರೂಪಿಗೆ ಮೆಸೇಜ್ ಹಾಕಿದೆ. ಹನ್ನೆರಡು ಮಂದಿ ಕೈ ಮುಗಿದರು. ರಾತ್ರಿ ಕಾರ್ಯದರ್ಶಿಯ ಉತ್ತರ ಬಂತು: "ಬೇಸರ ಬೇಡ. ಮುಂದಿನ ವರ್ಷ ಗಾಜಿನ ಪೆಟ್ಟಿಗೆ ಮಾಡಿಸುತ್ತೇವೆ. ಆಗ ಯಾರೂ ಎಣಿಸುವುದಿಲ್ಲ."