ಹಳದಿ ಬೋರ್ಡಿನ ಊರಿನಿಂದ ಕೌನ್ಸಿಲ್ ಪ್ಲೇಟಿನ ಊರಿಗೆ

ಇಂಗ್ಲೆಂಡಿಗೆ ಬಂದಿಳಿದ ಮೊದಲ ವಾರ ರಸ್ತೆಯ ಮೇಲಿನ ಕಾರುಗಳೆಲ್ಲ ಬಾಡಿಗೆ ಕಾರುಗಳೇ ಇರಬೇಕೆಂದು ನನಗೆ ಅನಿಸಿತ್ತು. ಇಲ್ಲಿ ಪ್ರತಿಯೊಂದು ಕಾರಿನ ಮುಂದಿನ ನಂಬರ್ ಪ್ಲೇಟು ಬಿಳಿ, ಹಿಂದಿನದು ಹಳದಿ. ದಾವಣಗೆರೆಯಲ್ಲಿ ಬೆಳೆದ ನನಗೋ ಯೆಲ್ಲೋ ಬೋರ್ಡ್ ಎಂದರೆ ಟ್ಯಾಕ್ಸಿ, ವೈಟ್ ಬೋರ್ಡ್ ಎಂದರೆ ಮನೆಯ ಗಾಡಿ. ಇಲ್ಲಿ ಬಾಡಿಗೆ ಕಾರನ್ನು ಗುರುತಿಸಲು ನೋಡಬೇಕಾದದ್ದು ಹಿಂದಿನ ಬಂಪರಿನ ಬಳಿ ಬಿಗಿದಿರುವ ಇನ್ನೊಂದು ಪ್ಲೇಟನ್ನು ಮತ್ತು ಚಾಲಕನ ಕೊರಳಲ್ಲಿ ತೂಗುವ ಬ್ಯಾಡ್ಜನ್ನು ಎಂಬುದು ಆಮೇಲೆ ತಿಳಿಯಿತು. ಆ ಎರಡರ ಮೇಲೂ ಇರುವುದು ರಾಜ್ಯದ ಅಥವಾ ದೇಶದ ಮುದ್ರೆಯಲ್ಲ, ಒಂದು ಊರಿನ ಕೌನ್ಸಿಲ್ಲಿನ ಮುದ್ರೆ.

ನಮ್ಮಲ್ಲಿ ನಗರಸಭೆಗೂ ಟ್ಯಾಕ್ಸಿಗೂ ಸಂಬಂಧವೇ ಇಲ್ಲ. ಲೈಸೆನ್ಸು, ಪರ್ಮಿಟ್ಟು, ಎಫ್‌ಸಿ ಎಲ್ಲವೂ ಆರ್‌ಟಿಓ ಕಚೇರಿಯಲ್ಲೇ. ಇಂಗ್ಲೆಂಡಿನಲ್ಲಿ, ಲಂಡನ್ ಒಂದನ್ನು ಬಿಟ್ಟರೆ, ಈ ಅಧಿಕಾರ 260ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಲ್ಲಿ ಹಂಚಿಹೋಗಿದೆ. ಕೈ ತೋರಿಸಿ ನಿಲ್ಲಿಸಬಹುದಾದ ಟ್ಯಾಕ್ಸಿಗಳಿಗೆ ಇಂದಿಗೂ ಆಧಾರವಾಗಿರುವುದು ಕುದುರೆಗಾಡಿಗಳ ಕಾಲದ 1847ರ ಕಾನೂನು. ಮೊದಲೇ ಬುಕ್ ಮಾಡಿ ಕರೆಸಿಕೊಳ್ಳಬೇಕಾದ ಖಾಸಗಿ ಬಾಡಿಗೆ ಕಾರುಗಳಿಗೆ 1976ರ ಕಾನೂನು. ಬ್ರಿಟಿಷರು ಭಾರತಕ್ಕೂ 1879ರಲ್ಲಿ ಇಂಥದೇ ಒಂದು ಬಾಡಿಗೆ ಗಾಡಿ ಕಾಯ್ದೆಯನ್ನು ತಂದು, ಜಟಕಾಗಳ ಉಸ್ತುವಾರಿಯನ್ನು ಪುರಸಭೆಗಳಿಗೆ ಒಪ್ಪಿಸಿದ್ದರು. ಜಟಕಾ ಹೋಗಿ ಮೋಟಾರು ಬಂದಾಗ ನಮ್ಮಲ್ಲಿ ಆ ಅಧಿಕಾರ ಊರಿನ ಕೈಬಿಟ್ಟು ರಾಜ್ಯದ ಸಾರಿಗೆ ಇಲಾಖೆಗೆ ಹೋಯಿತು, ಇವರಲ್ಲಿ ಊರಿನಲ್ಲೇ ಉಳಿಯಿತು.

ಖಾಸಗಿ ಬಾಡಿಗೆಯ ವ್ಯವಸ್ಥೆಯಲ್ಲಿ ಚಾಲಕನಿಗೊಂದು, ಕಾರಿಗೊಂದು, ಬುಕಿಂಗ್ ತೆಗೆದುಕೊಳ್ಳುವ ಸಂಸ್ಥೆಗೊಂದು ಹೀಗೆ ಮೂರು ಪರವಾನಗಿಗಳು ಬೇಕು, ಮೂರೂ ಒಂದೇ ಕೌನ್ಸಿಲ್ಲಿನವಾಗಿರಬೇಕು. ಇವುಗಳಲ್ಲಿ ನನ್ನ ಗಮನ ಸೆಳೆದದ್ದು ಮೊದಲನೆಯದು. ಕಾರು ಓಡಿಸಲು ಬರುತ್ತದೆಯೇ ಎಂಬುದನ್ನು ದೇಶದ ಸಾಮಾನ್ಯ ಲೈಸೆನ್ಸೇ ಹೇಳುತ್ತದೆ. ಕೌನ್ಸಿಲ್ ಕೇಳುವುದು ಈತ ತಕ್ಕ ಮನುಷ್ಯನೇ ಎಂಬ ಬೇರೆಯದೇ ಪ್ರಶ್ನೆಯನ್ನು. ಅದಕ್ಕಾಗಿ ಅಪರಾಧ ದಾಖಲೆಯನ್ನು ಆಳವಾಗಿ ತಪಾಸಣೆ ಮಾಡಿಸುತ್ತಾರೆ, ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕೆಂದು ಸರ್ಕಾರದ 2020ರ ಮಾನದಂಡಗಳು ಹೇಳುತ್ತವೆ. ಹಲ್ಲೆಯ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಅದು ಮುಗಿದ ಮೇಲೆ ಹತ್ತು ವರ್ಷ, ವಂಚನೆಯಾದರೆ ಏಳು ವರ್ಷ ಕಳೆಯುವ ತನಕ ಪರವಾನಗಿ ಕೊಡಬಾರದು. ಲೈಂಗಿಕ ಅಪರಾಧ ಎಸಗಿದವನಿಗೆ ಎಂದಿಗೂ ಇಲ್ಲ. ಅನುಮಾನ ಉಳಿದಾಗ ತೀರ್ಮಾನಿಸುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಅದೇ ಮಾನದಂಡಗಳಲ್ಲಿದೆ: ನಿಮಗೆ ಬೇಕಾದವರೊಬ್ಬರನ್ನು, ಅವರು ಎಂಥದೇ ಸ್ಥಿತಿಯಲ್ಲಿರಲಿ, ಹಗಲಾಗಲಿ ರಾತ್ರಿಯಾಗಲಿ, ಒಬ್ಬರನ್ನೇ ಈತನ ಕಾರಿನಲ್ಲಿ ಕಳಿಸುತ್ತೀರಾ? ಇಲ್ಲವೆನ್ನುವ ಕಡೆಗೇ ತಕ್ಕಡಿ ವಾಲಿದರೆ ಪರವಾನಗಿ ಇಲ್ಲ. ಸರ್ಕಾರಿ ಕಾಗದವೊಂದರಲ್ಲಿ ಇಷ್ಟು ಮನೆಯ ಮಾತಿನಂಥ ವಾಕ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಈ ಕಟ್ಟುನಿಟ್ಟಿನ ಹಿಂದೆ ದೊಡ್ಡ ನೋವೊಂದಿದೆ. ರಾದರ್‌ಹ್ಯಾಮ್ ಪಟ್ಟಣದಲ್ಲಿ 1997ರಿಂದ 2013ರ ನಡುವೆ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು 2014ರಲ್ಲಿ ಬಂದ ವಿಚಾರಣಾ ವರದಿ ಹೇಳಿತು, ಆ ಪ್ರಕರಣಗಳಲ್ಲಿ ಕೆಲವು ಟ್ಯಾಕ್ಸಿ ಚಾಲಕರ ಪಾತ್ರ ಮತ್ತೆ ಮತ್ತೆ ಕಾಣಿಸಿತು. ಅದಾದ ಮೇಲೆ ಆ ಊರಿನ ಕೌನ್ಸಿಲ್ ಟ್ಯಾಕ್ಸಿಗಳ ಒಳಗೆ ಕ್ಯಾಮೆರಾವನ್ನು ಕಡ್ಡಾಯ ಮಾಡಿತು. ಅಪಾಯವಿದೆ ಎನಿಸಿದರೆ ಕೌನ್ಸಿಲ್ ಚಾಲಕನ ಪರವಾನಗಿಯನ್ನು ಆ ಕ್ಷಣದಿಂದಲೇ ರದ್ದು ಮಾಡಬಹುದು. ಆತ 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಮೇಲ್ಮನವಿ ಸಲ್ಲಿಸಬಹುದು, ಆದರೆ ಅಲ್ಲಿಯವರೆಗೆ ಬಾಡಿಗೆ ಹೊಡೆಯುವಂತಿಲ್ಲ. ಅನ್ನದ ಪ್ರಶ್ನೆಯಾದ್ದರಿಂದ ಇದು ಕಠಿಣವೆಂದು ಚಾಲಕರ ಸಂಘಗಳು ಹೇಳುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ನಮ್ಮ ಕಡೆಯೂ ಅಧಿಕಾರವೇನೂ ಕಡಿಮೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಮಿನ ಪ್ರಕಾರ ಅಪರಾಧವೇ ರೂಢಿಯಾದವನ, ಕುಡುಕನ ಲೈಸೆನ್ಸನ್ನು ಕಸಿದುಕೊಳ್ಳಬಹುದು. ಆ್ಯಪ್ ಕಂಪನಿಗಳಿಗೆಂದು ಕರ್ನಾಟಕ 2016ರಲ್ಲೇ ನಿಯಮ ಮಾಡಿತು. ಆದರೆ ನಮ್ಮ ವ್ಯವಸ್ಥೆಯ ಕಣ್ಣು ನೆಟ್ಟಿರುವುದು ಗಾಡಿಯ ಮೇಲೆ ಮತ್ತು ದರದ ಮೇಲೆ. ಬೆಂಗಳೂರಿನಲ್ಲಿ 2025ರ ಆಗಸ್ಟಿನಿಂದ ಆಟೋಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಎಂದು ಆದೇಶವಾದಾಗ ವಾರಗಟ್ಟಲೆ ಅದೇ ಸುದ್ದಿ; ಮೆಜೆಸ್ಟಿಕ್ಕಿನಲ್ಲಿ ಇಳಿದವನಿಗೆ ‘ಒನ್ ಅಂಡ್ ಹಾಫ್ ಕೊಡಿ ಸಾರ್’ ಎನ್ನುವ ಮಾತು ಮಾತ್ರ ಆದೇಶದ ಮೊದಲೂ ಇತ್ತು, ಆಮೇಲೂ ಇದೆ. ಓಡಿಸುವವನು ಯಾರು ಎಂಬ ಬಗ್ಗೆ ಅದರ ಕಾಲು ಭಾಗ ಚರ್ಚೆಯೂ ನಡೆಯುವುದಿಲ್ಲ, ಯಾವುದಾದರೂ ಘೋರ ಘಟನೆಯಾಗಿ ಟಿವಿಯವರು ಬಂದ ಹೊರತು.

ಇಷ್ಟು ಹೇಳಿದ ಮೇಲೆ ಇಲ್ಲಿಯದೇ ಸರಿ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಮಾಡಲಾಗದಂತೆ ನನ್ನನ್ನು ತಡೆದದ್ದು ಒಂದು ಸೀಟ್ ಬೆಲ್ಟು. ಎರಡು ವರ್ಷದ ಹಿಂದೆ ನನ್ನ ಅತ್ತೆಯವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಆ್ಯಪಿನಲ್ಲಿ ಕಾರು ಕರೆಸಿದ್ದೆ. ಅವರು ಕೂತ ಕಡೆಯ ಬೆಲ್ಟಿನ ಬಕಲ್ ಕಚ್ಚುತ್ತಲೇ ಇರಲಿಲ್ಲ, ಸಿಕ್ಕಿಸಿದರೆ ಕಳಚಿಕೊಳ್ಳುತ್ತಿತ್ತು. ‘ಪೊಲೀಸರು ನೋಡಿದರೆ ಏನು ಗತಿಯಪ್ಪಾ’ ಎಂದು ಅವರು ನಲವತ್ತು ನಿಮಿಷವೂ ಬೆಲ್ಟಿನ ತುದಿಯನ್ನು ಸೆರಗಿನ ಕೆಳಗೆ ಕೈಯಲ್ಲೇ ಹಿಡಿದು ಕೂತರು. ಮರುದಿನ ನಮ್ಮ ಕೌನ್ಸಿಲ್ಲಿಗೆ ಫೋನ್ ಮಾಡಿದೆ. ಅತ್ತಲಿಂದ ಮಾತಾಡಿದ ಮಹಿಳೆ ಸಾವಧಾನವಾಗಿ ಎಲ್ಲ ಕೇಳಿ, ಪ್ಲೇಟಿನ ಸಂಖ್ಯೆ ಬರೆದುಕೊಂಡು, ಅದು ತಮ್ಮ ಪ್ಲೇಟಲ್ಲ ಎಂದರು. ದಿನವೂ ನಮ್ಮ ಊರಿನಲ್ಲೇ ದುಡಿಯುವ ಆ ಕಾರಿಗೆ ಪರವಾನಗಿ ಕೊಟ್ಟದ್ದು ನೂರು ಮೈಲಿ ದೂರದ ಇನ್ನೊಂದು ಕೌನ್ಸಿಲ್. ದೂರನ್ನು ಅಲ್ಲಿಗೇ ಕಳಿಸಬೇಕಿತ್ತು.

ಇದು ಕಾನೂನುಬಾಹಿರವೇನಲ್ಲ. ಮೂರು ಪರವಾನಗಿಗಳೂ ಒಂದೇ ಕಡೆಯವಾಗಿದ್ದರೆ ಸಾಕು, ಕಾರು ದೇಶದಲ್ಲಿ ಎಲ್ಲಿಯಾದರೂ ಓಡಬಹುದು. 2015ರಲ್ಲಿ ಬಂದ ತಿದ್ದುಪಡಿ ಒಂದು ಊರಿನ ಸಂಸ್ಥೆ ತನ್ನ ಬುಕಿಂಗನ್ನು ಇನ್ನೊಂದು ಊರಿನ ಸಂಸ್ಥೆಗೆ ದಾಟಿಸುವುದನ್ನೂ ಸುಲಭ ಮಾಡಿತು. ಹೀಗಾಗಿ ಶುಲ್ಕ ಕಡಿಮೆ ಇರುವ, ಬೇಗ ಕೈಗೆ ಸಿಗುವ ಕಡೆಗೆ ಚಾಲಕರು ಹೋಗುತ್ತಾರೆ. ಸುಮಾರು ಎರಡೂವರೆ ಲಕ್ಷ ಜನಸಂಖ್ಯೆಯ ವುಲ್ವರ್‌ಹ್ಯಾಂಪ್ಟನ್ನಿನ ಪರವಾನಗಿ ಇಂದು ಹತ್ತಾರು ಸಾವಿರ ಚಾಲಕರ ಬಳಿ ಇದೆ. ಅವರಲ್ಲಿ ಹೆಚ್ಚಿನವರ ದುಡಿಮೆ ಬೇರೆ ಊರುಗಳಲ್ಲಿ. ಆ ನಗರ ತನ್ನ ತಪಾಸಣಾ ಸಿಬ್ಬಂದಿಯನ್ನು ಹೊರ ಊರುಗಳಿಗೂ ಕಳಿಸುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ನಮ್ಮ ರೈಲು ನಿಲ್ದಾಣದ ಹೊರಗೆ ಶುಕ್ರವಾರದ ರಾತ್ರಿ ನಡೆಯುವ ತಪಾಸಣೆಯ ನೋಟ ವಿಚಿತ್ರವಾಗಿರುತ್ತದೆ: ಅಧಿಕಾರಿ ಟಾರ್ಚು ಹಿಡಿದು ತನ್ನ ಕೌನ್ಸಿಲ್ಲಿನ ಕಾರುಗಳ ಟೈರಿನ ಸವೆತವನ್ನು ಅಳೆಯುತ್ತಿರುತ್ತಾನೆ, ಹೊರಗಿನ ಪ್ಲೇಟಿನ ಕಾರು ಅವನ ಪಕ್ಕದಲ್ಲೇ ಗಿರಾಕಿಯನ್ನು ಇಳಿಸಿ ಹೋಗುತ್ತದೆ. ಪೊಲೀಸರು ಜೊತೆಗಿದ್ದರೆ ಅದನ್ನೂ ನಿಲ್ಲಿಸಬಹುದು. ಅವನೊಬ್ಬನೇ ಇದ್ದರೆ ಬರೆದುಕೊಳ್ಳಬಹುದು. 2022ರ ಕಾಯ್ದೆಯ ಪ್ರಕಾರ ಹೊರಗಿನ ಚಾಲಕನ ಬಗ್ಗೆ ಗಂಭೀರ ಆತಂಕವಿದ್ದರೆ 10 ಕೆಲಸದ ದಿನಗಳೊಳಗೆ ಅವನ ಕೌನ್ಸಿಲ್ಲಿಗೆ ತಿಳಿಸಬೇಕು, ಅವರು 20 ಕೆಲಸದ ದಿನಗಳೊಳಗೆ ಯೋಚಿಸಿ ಉತ್ತರಿಸಬೇಕು. ಮಕ್ಕಳ ಲೈಂಗಿಕ ಶೋಷಣೆಯ ಬಗ್ಗೆ ಸರ್ಕಾರಕ್ಕಾಗಿ ಪರಿಶೀಲನೆ ನಡೆಸಿದ ಬ್ಯಾರೊನೆಸ್ ಕೇಸಿ ಅವರು 2025ರ ಜೂನಿನ ತಮ್ಮ ವರದಿಯಲ್ಲಿ ಈ ಹೊರಗಡೆಯ ಓಡಾಟವನ್ನೇ ನಿಲ್ಲಿಸಿ ಎಂದು ಸರ್ಕಾರಕ್ಕೆ ಹೇಳಿದ್ದು ಸುಮ್ಮನಲ್ಲ.

ಈ ವಿಷಯದಲ್ಲಿ ನಮ್ಮ ಬ್ರೇಕ್ ಇನ್‌ಸ್ಪೆಕ್ಟರೇ ಮೇಲು. ಹರಿಹರದ ಬಳಿ ರಸ್ತೆ ಬದಿಯಲ್ಲಿ ಜೀಪು ನಿಲ್ಲಿಸಿಕೊಂಡವನಿಗೆ ಎದುರಿನ ಗಾಡಿ ದಾವಣಗೆರೆಯದೋ ನಾಗಾಲ್ಯಾಂಡಿನ ನೋಂದಣಿಯ ಬಸ್ಸೋ ಎಂಬ ಭೇದವಿಲ್ಲ. ಕೈ ತೋರಿಸಿದರೆ ನಿಲ್ಲಬೇಕು. ಆ ಕೈ ಹೇಗೆಲ್ಲ ಬಳಕೆಯಾಗುತ್ತದೆ ಎಂಬುದು ಓದುಗರಿಗೆ ಗೊತ್ತಿರುವುದೇ, ಅದನ್ನು ನಾನು ಇಲ್ಲಿ ಕೂತು ಹೇಳಬೇಕಾಗಿಲ್ಲ.

ಹಾಗೆಂದು ಟ್ಯಾಕ್ಸಿಯ ಅಧಿಕಾರವನ್ನು ನಮ್ಮ ನಗರಸಭೆಗಳಿಗೆ ಕೊಡಿ ಎಂದು ನಾನು ಕೇಳುವುದಿಲ್ಲ. ಬೀದಿ ದೀಪ ಹಚ್ಚಿಸುವುದೇ ಅವುಗಳಿಗೆ ಸಾಕಾಗಿದೆ. ಆದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಈಗಾಗಲೇ ಇದೆ. ಆಟೋ ದರ ನಿಗದಿಯಾದಾಗ ಮಾತ್ರ ನಮಗೆ ಅದರ ನೆನಪಾಗುತ್ತದೆ. ಇಲ್ಲಿಯ ಕೌನ್ಸಿಲ್ಲುಗಳಲ್ಲಿ ಚಾಲಕನನ್ನು ಕರೆಸಿ, ಅವನ ವಕೀಲನನ್ನೋ ಸಂಘದವನನ್ನೋ ಜೊತೆಗೆ ಕೂರಿಸಿಕೊಂಡು, ಅವನ ಮೇಲಿನ ದೂರುಗಳನ್ನು ಓದಿ ಹೇಳಿ, ಅವನ ಮಾತನ್ನೂ ಕೇಳಿ ತೀರ್ಮಾನ ಬರೆಯುವಂತೆ, ಆ ಪ್ರಾಧಿಕಾರವೂ ತಿಂಗಳಿಗೊಂದು ದಿನ ಕೂರಬಹುದು, ಗಾಡಿಯ ನೋಂದಣಿ ಯಾವ ಜಿಲ್ಲೆಯದೇ ಆಗಿರಲಿ.

ನನ್ನ ದೂರಿಗೆ ಮೂರು ವಾರಗಳ ಮೇಲೆ ಉತ್ತರ ಬಂತು. ಕಾರನ್ನು ತಮ್ಮ ಊರಿಗೆ ಕರೆಸಿ ಪರೀಕ್ಷಿಸಿದ್ದಾಗಿಯೂ, ಹಿಂದಿನ ಸೀಟಿನ ಎಡಬದಿಯ ಬಕಲನ್ನು ಬದಲಾಯಿಸಿದ್ದಾಗಿಯೂ ಅದರಲ್ಲಿ ಬರೆದಿತ್ತು. ಅತ್ತೆಯವರು ಕೂತದ್ದು ಬಲಬದಿಯಲ್ಲಿ.